ಯೋಜನೆ ಮುಗಿದ ಮೇಲೆ ಹಲಗೆ ಹಾಕುವವರು ಯಾರು?

ನಮ್ಮ ಕಾಸರಗೋಡಿನ ಕಡೆ ಕಿಂಡಿ ಅಣೆಕಟ್ಟುಗಳಿಗೆ ಬರವಿಲ್ಲ. ಮಳೆಗಾಲದಲ್ಲಿ ನೀರು ಹೋಗಲು ಕಿಂಡಿ ಬಿಟ್ಟು, ಮಳೆ ನಿಂತ ಮೇಲೆ ಹಲಗೆ ಹಾಕಿ ಮುಚ್ಚುವ ಸಣ್ಣ ಅಣೆಕಟ್ಟುಗಳು ಇವು. ಜಿಲ್ಲೆಯಲ್ಲಿ ಹನ್ನೆರಡು ಹೊಳೆ, ಅವಕ್ಕೆ ಸೇರುವ ತೋಡುಗಳು ಲೆಕ್ಕವಿಲ್ಲದಷ್ಟು. ಕಾಂಕ್ರೀಟು ಗಟ್ಟಿ ಉಂಟು, ಉದ್ಘಾಟನೆಯ ಕಲ್ಲೂ ಗಟ್ಟಿ ಉಂಟು. ಇಲ್ಲದ್ದು ಹಲಗೆ. ಹಲಗೆ ಇದ್ದಲ್ಲಿ ಅದನ್ನು ಹೊತ್ತು ತಂದು ಹಾಕುವ ಜನ ಇಲ್ಲ. ಮಳೆಗಾಲ ಮುಗಿದದ್ದೇ ನೀರು ಕಿಂಡಿಯೊಳಗಿಂದ ಸಲೀಸಾಗಿ ಕಡಲಿಗೆ.

ನಮ್ಮ ತೋಡಿನ ಅಣೆಕಟ್ಟು ಒಂದು ಜಲಾನಯನ ಯೋಜನೆಯಲ್ಲಿ ಆದದ್ದು. ಅದರ ಬಳಕೆದಾರರ ಸಮಿತಿಗೆ ನಾನು ಕಾರ್ಯದರ್ಶಿ. ಯೋಜನೆ ಇದ್ದಷ್ಟು ದಿನ ತಿಂಗಳು ತಿಂಗಳು ಸಭೆ, ಚಾ, ಗೋಳಿಬಜೆ, ಹಾಜರಿ ಪುಸ್ತಕಕ್ಕೆ ಸಹಿ, ಕೊನೆಗೊಂದು ಫೋಟೋ. ನಿಯಮಾವಳಿ ಮಲೆಯಾಳದಲ್ಲಿತ್ತು. ತೋಟದ ಯಜಮಾನರಲ್ಲಿ ಮುಕ್ಕಾಲು ಜನ ಕನ್ನಡ ಶಾಲೆಯಲ್ಲಿ ಕಲಿತವರು, ಸಹಿ ಹಾಕಿದರು, ಓದಲಿಲ್ಲ. ಯೋಜನೆಯ ಅವಧಿ ಮುಗಿಯಿತು, ಅಧಿಕಾರಿಗಳಿಗೆ ವರ್ಗವಾಯಿತು. ಮುಂದಿನ ತುಲಾ ಮಾಸದಲ್ಲಿ ಗುಡುಗು ಮಳೆ ನಿಂತಾಗ ‘ಮೇಲಿನ ತೋಟದವರು ಮಾತೆತ್ತಲಿ’ ಎಂದು ಅಣೆಕಟ್ಟಿನ ಕೆಳಗಿನ ತೋಟದವರು, ‘ಪಂಚಾಯತಿನವರು ಬರಲಿ’ ಎಂದು ಮೇಲಿನವರು. ಆ ವರ್ಷ ಹಲಗೆ ಬೀಳಲೇ ಇಲ್ಲ. ಫೆಬ್ರವರಿಗೆ ತೋಟದಲ್ಲಿ ಅಡಿಕೆ ಸೋಗೆ ಬಾಡಿತು.

ತರಬೇತಿಯಲ್ಲಿ ನಮಗೊಂದು ಪಾಠ ಆಗಿತ್ತು. ಕರ್ಟ್ ಲೆವಿನ್ ಎಂಬ ಮನಶ್ಶಾಸ್ತ್ರಜ್ಞ 1947ರಲ್ಲಿ ಹೇಳಿದ್ದಂತೆ: ಹಳೆಯ ಅಭ್ಯಾಸವನ್ನು ಮೊದಲು ಕರಗಿಸಬೇಕು, ಆಮೇಲೆ ಬದಲಿಸಬೇಕು, ಕೊನೆಗೆ ಹೊಸದನ್ನು ಮತ್ತೆ ಹೆಪ್ಪುಗಟ್ಟಿಸಬೇಕು. ದೊಡ್ಡ ಕಂಪೆನಿಗಳಲ್ಲಿ ಸರಿಯಿರಬಹುದು. ಈ ಸೆಕೆಯಲ್ಲಿ ಯಾವುದು ಹೆಪ್ಪುಗಟ್ಟಿ ನಿಂತೀತು ಮಾರಾಯ್ರೆ!

ನಮ್ಮ ಕಡೆ ಯಾವ ಯೋಜನೆಯೂ ಇಲ್ಲದೆ ಉಳಿದುಬಂದದ್ದು ಕಟ್ಟ. ಕುಂಬ್ಡಾಜೆ ಪಂಚಾಯತಿನ ಏತಡ್ಕದ ಕಟ್ಟಗಳ ವಿಷಯ ಪತ್ರಿಕೆಗಳಲ್ಲಿ ಓದಿರಬಹುದು. ಮಳೆ ಹಿಂದೆ ಸರಿದ ಮೇಲೆ ಕಲ್ಲು, ಮಣ್ಣು ಹಾಕಿ ತೋಡಿಗೆ ಅಡ್ಡ ಕಟ್ಟುವುದು, ಮುಂದಿನ ಮಳೆಗಾಲಕ್ಕೆ ಅದು ಹೋಗುವುದು. ಪ್ರತಿ ವರ್ಷ ಹೊಸದಾಗಿ ಕಟ್ಟಬೇಕಾದ ಕಾರಣ ಪ್ರತಿ ವರ್ಷ ಜನ ಸೇರಲೇಬೇಕು, ಯಾರ ಪಾಲು ಎಷ್ಟು ಎಂದು ಜಗಳವಾಡಲೇಬೇಕು, ಒಬ್ಬ ಹುಡುಗನಾದರೂ ಮಣ್ಣು ತುಳಿಯುವುದನ್ನು ಕಲಿಯಲೇಬೇಕು. ಕಾಂಕ್ರೀಟು ಬಂದ ಮೇಲೆ ‘ಕೆಲಸ ಆಯಿತಲ್ಲ’ ಎಂಬ ಭಾವನೆ ಬಂತು. ನನ್ನ ತಕರಾರು ಇರುವುದು ಆ ಭಾವನೆಯ ಮೇಲೆ, ಕಾಂಕ್ರೀಟಿನ ಮೇಲಲ್ಲ.

ಹಾಗಾಗಿ ಸಮಿತಿಯನ್ನು ಕಟ್ಟದ ಕ್ರಮಕ್ಕೆ ತಂದೆವು. ತಿಂಗಳ ಸಭೆ ನಿಲ್ಲಿಸಿದೆವು, ಯಾರೂ ಬೇಜಾರು ಮಾಡಲಿಲ್ಲ. ದೀಪಾವಳಿ ಕಳೆದ ಎರಡನೇ ಆದಿತ್ಯವಾರ ಹಲಗೆ ಹಾಕುವುದು, ಪತ್ತನಾಜೆಯೊಳಗೆ ತೆಗೆಯುವುದು. ಮೇ ಕೊನೆಯ ವಾರ ಬರುವ ಪತ್ತನಾಜೆಯನ್ನು ನೆನಪಿಸಲು ಇಲ್ಲಿ ಯಾವ ನೋಟೀಸೂ ಬೇಡ. ಭೂತಕೋಲ, ಯಕ್ಷಗಾನದ ಆಟ ಎಲ್ಲ ಅವತ್ತಿಗೆ ಮುಗಿಯುತ್ತದೆ. ಹಲಗೆ ಇಡುವ ಶೆಡ್ಡಿನ ಬೀಗದ ಕೈ ವರ್ಷಕ್ಕೊಂದು ಮನೆಗೆ. ಕೈ ಯಾರ ಮನೆಯಲ್ಲಿ ಉಂಟೋ ಆ ವರ್ಷ ಫೋನು ಮಾಡಬೇಕಾದವರು ಅವರೇ, ಚಾ ತಿಂಡಿಯೂ ಅವರದ್ದೇ. ಆಳು ಕಳಿಸಲಾಗದವರು ಎಕರೆ ಲೆಕ್ಕದಲ್ಲಿ ದುಡ್ಡು ಕೊಡಬೇಕು. ಎಲ್ಲವನ್ನೂ ಕನ್ನಡದಲ್ಲಿ ಒಂದು ನೋಟ್‌ಬುಕ್ಕಿನಲ್ಲಿ ಬರೆದು ಬೀಗದ ಕೈಯ ಜೊತೆಗೇ ಕೊಡುತ್ತೇವೆ.

ಹಲಗೆ ಹಾಕುವುದು ಸುಲಭ ಎಂದುಕೊಂಡವರು ಒಮ್ಮೆ ಬಂದು ನೋಡಬೇಕು. ಕಿಂಡಿಯ ಗೋಡೆಯಲ್ಲಿ ಹಲಗೆ ಕೂರಲು ಬಿಟ್ಟ ಎರಡು ಸೀಳುಗಳಲ್ಲಿ ಎರಡು ಸಾಲು ಹಲಗೆ ಇಳಿಸಬೇಕು. ಮರದ್ದಾದರೆ ಒರಲೆ ತಿಂದದ್ದು, ಸೊಟ್ಟ ಆದದ್ದು ಒಂದೆರಡು ಇದ್ದೇ ಇರುತ್ತವೆ. ನಡುವಿನ ಜಾಗಕ್ಕೆ ಜಿಗುಟು ಮಣ್ಣು ಸುರಿದು, ಸೊಂಟದವರೆಗಿನ ನೀರಿನಲ್ಲಿ ನಿಂತು ತುಳಿಯಬೇಕು. ಬುಡದ ಹಲಗೆ ಸರಿ ಕೂರದಿದ್ದರೆ ಮೇಲೆ ಎಷ್ಟು ಮಣ್ಣು ಹಾಕಿದರೂ ಕೆಳಗಿನಿಂದ ಬುಳುಬುಳು. ಆಗ ಒಬ್ಬರು ಮುಳುಗಿ ಬಟ್ಟೆ ತುರುಕಬೇಕು. ನಮ್ಮಲ್ಲಿ ಮುಳುಗುವವರು ಒಬ್ಬ ಮಾವ, ಪ್ರಾಯ ಎಪ್ಪತ್ತರ ಹತ್ತಿರ. ಅವರ ಜೊತೆ ಈಗ ಇಬ್ಬರು ಹುಡುಗರನ್ನು ಇಳಿಸುತ್ತಿದ್ದೇವೆ.

ಜಗಳ ಹೋಗಿಲ್ಲ. ಹಲಗೆ ಬೇಗ ಹಾಕಿ ಮತ್ತೊಂದು ದೊಡ್ಡ ಮಳೆ ಬಂದರೆ ಮೇಲಿನವರ ತೋಟಕ್ಕೆ ನೀರು ನುಗ್ಗುತ್ತದೆ, ಅಡಿಕೆ ಬುಡದಲ್ಲಿ ನೀರು ನಿಂತರೆ ಬೇರು ಕೊಳೆಯುತ್ತದೆ. ತಡಮಾಡಿದರೆ ಕೆಳಗಿನವರ ಬಾವಿಗೆ ಒರತೆ ಸಾಲುವುದಿಲ್ಲ. ಹೋದ ವರ್ಷ ಮೇಲಿನ ತೋಟದ ಭಾವ ‘ಇನ್ನೊಂದು ವಾರ ತಡೀರಿ’ ಎಂದರು. ತಡೆದೆವು. ಕೆಳಗಿನವರು ನನಗೆ ಎರಡು ದಿನ ಮುಖ ಕೊಟ್ಟು ಮಾತಾಡಲಿಲ್ಲ.

ಮೊನ್ನೆ ಹೊಸ ಯೋಜನೆಯೊಂದರ ಹುಡುಗಿ ಬಂದಿದ್ದಳು, ಚುರುಕಿನ ಹುಡುಗಿ. ಬಳಕೆದಾರರ ಸಮಿತಿ ಮಾಡಬೇಕು ಎಂದಳು. ಉಂಟಲ್ಲ, ಎಂದೆ. ಇರುವುದು ನಡೆಯುವುದಿಲ್ಲ, ಹೊಸ ಹೆಸರು, ಹೊಸ ಖಾತೆ ಬೇಕಂತೆ. ‘ಆಗಲಿ, ಆದರೆ ಎಸ್ಟಿಮೇಟಿನಲ್ಲಿ ಎರಡು ಸಾಲು ಫೈಬರ್ ಹಲಗೆ ಸೇರಿಸು, ನಿಯಮಾವಳಿ ಕನ್ನಡದಲ್ಲಿ ಕೊಡು’ ಎಂದೆ. ಕೇಳಿ ಹೇಳುತ್ತೇನೆ ಎಂದು ಹೋಗಿದ್ದಾಳೆ. ಈ ವರ್ಷ ಬೀಗದ ಕೈ ಇರುವ ಮನೆಯವರ ಫೋನ್ ನಂಬರನ್ನೂ ಕೊಟ್ಟು ಕಳಿಸಿದ್ದೇನೆ.