ಮೊದಲು ಭ್ರೂಣ, ಆಮೇಲೆ ಸ್ಲೈಡು

ಸ್ಪೈನಲ್ ಕಾರ್ಡ್ (ಬೆನ್ನುಹುರಿ) ಅಂದ್ರೆ ಫಸ್ಟ್ ಇಯರ್ ಎಂಬಿಬಿಎಸ್ ಹುಡುಗ್ರಿಗೆ ಒಂದೇ ಲೆಕ್ಕ, ಅಡ್ಡ ಕುಯ್ದಾಗ ಒಳಗೆ ಕಾಣೋ ಕೊಂಬುಗಳಲ್ಲಿ ಮುಂದಿನ ಹಾರ್ನ್ ಮೋಟಾರು (ಸ್ನಾಯು ಆಡ್ಸೋದು), ಹಿಂದಿಂದು ಸೆನ್ಸರಿ (ಸ್ಪರ್ಶ, ನೋವು ತಿಳಿಯೋದು), ಬಾಯಿಪಾಠ ಹೊಡಿ, ಪರೀಕ್ಷೇಲಿ ಕಕ್ಕು, ಮರಿ. ದಾವಣಗೆರೇಲಿ ಅನಾಟಮಿ ಟ್ಯೂಟರ್ ಆಗಿ ನಾನು ಕಲ್ತಿದ್ದು ಅಂದ್ರೆ ಈ ಪಾಠಾನ ಮೈಕ್ರೋಸ್ಕೋಪ್ ಸ್ಲೈಡಿಂದ ಶುರು ಮಾಡಿದ್ರೆ ತಲೇಲಿ ನಿಲ್ಲಲ್ಲ, ಭ್ರೂಣದಿಂದ ಶುರು ಮಾಡ್ಬೇಕು.

ಅದಕ್ಕೆ ಕಾರಣ ಜಗಳೂರು ಕಡೆ ಹುಡುಗ ಒಬ್ಬ. "ಎಲ್ಲಾ ಸೆಲ್ಲೂ ಒಂದೇ ಪದರದಿಂದ ಬಂದಾವು ಅಂತೀರಿ, ಹಂಗಾದ್ರೆ ನೀ ಮೋಟಾರ್ ಆಗು, ನೀ ಬ್ಯಾರೆ ಆಗು ಅಂತ ಅವಕ್ಕೆ ಹೇಳೋರು ಯಾರ್ರಿ ಮೇಡಂ?" ಕ್ಲಾಸೆಲ್ಲಾ ನಕ್ತು. ನನಗೆ ಮಾತ್ರ ಇದಕ್ಕಿಂತ ಒಳ್ಳೆ ಪ್ರಶ್ನೆ ಆ ವರ್ಷ ಸಿಗ್ಲಿಲ್ಲ.

ಹೇಳೋದು ಅವು ಇರೋ ಜಾಗ. ಫಲೀಕರಣ ಆಗಿ ಸುಮಾರು 28 ದಿನಕ್ಕೆ ನ್ಯೂರಲ್ ಟ್ಯೂಬ್, ಅಂದ್ರೆ ಮುಂದೆ ಮೆದುಳು, ಬೆನ್ನುಹುರಿ ಆಗೋ ಕೊಳವೆ, ಪೂರ್ತಿ ಮುಚ್ಕೊಳುತ್ತೆ, ಬಹಳ ಹೆಣ್ಮಕ್ಕಳಿಗೆ ಬಸುರಿ ಅಂತ ಗೊತ್ತಾಗೋ ಹೊತ್ತಿಗೆ ಅದು ಮುಗಿದಿರುತ್ತೆ, ಅದಕ್ಕೇ ಟ್ಯೂಬು ಸರಿಯಾಗಿ ಮುಚ್ಲಿ ಅಂತ ಕೊಡೋ ಫೋಲಿಕ್ ಆಸಿಡ್ ಮಾತ್ರೆ ಗರ್ಭ ನಿಲ್ಲೋ ಮುಂಚೆನೇ ಶುರು ಮಾಡಿ ಅನ್ನೋದು. ಆ ಟ್ಯೂಬಿನ ಹೊಟ್ಟೆ ಕಡೆಯಿಂದ ಸಾನಿಕ್ ಹೆಡ್ಜ್‌ಹಾಗ್ ಅನ್ನೋ ಪ್ರೋಟೀನು (ಹೌದು, ವಿಡಿಯೋ ಗೇಮಿನ ಹೆಸರೇ), ಬೆನ್ನಿನ ಕಡೆಯಿಂದ ಬಿಎಂಪಿ ಮತ್ತೆ ವಿಂಟ್ ಅನ್ನೋ ಬೇರೆ ಪ್ರೋಟೀನುಗಳು ಹರಡ್ತಾವೆ. ಇದನ್ನ ತೋರ್ಸೋಕೆ ಕಿಟಕಿ ಹಾಕಿ, ಫ್ಯಾನ್ ಆಫ್ ಮಾಡಿ, ಒಂದು ಮೂಲೇಲಿ ಊದಿನಕಡ್ಡಿ ಹಚ್ಚಿದೆ. ಏಪ್ರಿಲ್ ತಿಂಗಳು, ಸೆಕೆಗೆ ಎಲ್ರೂ ಬೈಕೊಂಡ್ರು. ಮುಂದಿನ ಬೆಂಚಿಗೆ ಘಾಟು, ಹಿಂದಿನ ಬೆಂಚಿಗೆ ಏನೂ ಇಲ್ಲ, ಪ್ರೋಟೀನೂ ಈ ವಾಸನೆ ಇದ್ದಂಗೆ, ಎಷ್ಟು ಬಂತು, ಎಷ್ಟು ಹೊತ್ತು ಬಂತು, ಇವೆರಡರ ಮೇಲೇನೇ ಸೆಲ್ಲು ತಾನು ಯಾರಾಗ್ಬೇಕು ಅಂತ ತೀರ್ಮಾನ ಮಾಡೋದು. ಹಂಗೆ ಹೊಟ್ಟೆ ಕಡೆ ಐದು, ಬೆನ್ನಿನ ಕಡೆ ಆರು ಪಟ್ಟಿ ಬೀಳ್ತಾವೆ, ಒಂದೊಂದರಿಂದ ಬೇರೆ ಬೇರೆ ನರಕೋಶ.

ಟೈಮೂ ಮುಖ್ಯ ರೀ. ಆಲಿಗ್2 ಜೀನ್ ಆನ್ ಇರೋ ಪಟ್ಟಿ ಮೊದ್ಲು ಮೋಟಾರ್ ನ್ಯೂರಾನ್ ಕೊಡುತ್ತೆ, ಅದು ಮುಗಿದ ಮೇಲೆ ಅದೇ ಪಟ್ಟಿ ನರಕ್ಕೆ ಮಯಲಿನ್ ಸುತ್ತೋ ಆಲಿಗೋಡೆಂಡ್ರೋಸೈಟ್ ಕೊಡುತ್ತೆ. ಇಲಿಗೂ ನಮಗೂ ಜೀನುಗಳ ಸರದಿ ಹೆಚ್ಚುಕಮ್ಮಿ ಒಂದೇ, ಆದ್ರೆ ನಮ್ದು ಸುಮಾರು ಎರಡೂವರೆ ಪಟ್ಟು ನಿಧಾನ, ನಮ್ಮ ಸೆಲ್ಲಿನ ಪ್ರೋಟೀನುಗಳು ಬೇಗ ಕರಗಲ್ಲ ಅನ್ನೋದು ಇದರ ಹಿಂದೆ ಇದೆ ಅಂತ 2020ರಲ್ಲಿ ಲಂಡನ್ನಿನ ಕ್ರಿಕ್ ಇನ್‌ಸ್ಟಿಟ್ಯೂಟ್‌ನೋರು ತೋರ್ಸಿದ್ರು.

ಇಷ್ಟಾದ ಮೇಲೆ ಸ್ಲೈಡ್ ಇಟ್ಟೆ. ಮುಂದಿನ ಹಾರ್ನಲ್ಲಿ ದಪ್ಪ ದಪ್ಪ ಮೋಟಾರ್ ನ್ಯೂರಾನು, ನಡುವೆ ದುಂಡನೆ ನ್ಯೂಕ್ಲಿಯಸ್ಸು, ಸುತ್ತ ನೇರಳೆ ನಿಸ್ಸಲ್ ಚುಕ್ಕಿ (ಸೆಲ್ಲು ಪ್ರೋಟೀನು ತಯಾರಿಸೋ ಜಾಗ). ಪೋಲಿಯೋ ವೈರಸ್ ಹೊಡೆಯೋದು ಇವನ್ನೇ ಅಂದೆ. "ಅದಕ್ಕೇ ಕಾಲು ಎತ್ತಕ್ಕಾಗಲ್ಲ, ಇರುವೆ ಕಚ್ಚಿದ್ರೆ ಮಾತ್ರ ಗೊತ್ತಾಗತೈತಿ" ಅಂತ ಹಿಂದಿನ ಬೆಂಚಿಂದ ಬಂತು, ನಾನು ಕೇಳೋ ಮುಂಚೆನೇ. ಊದಿನಕಡ್ಡಿಗೆ ಮಾತ್ರ ಎಚ್‌ಒಡಿ ಸರ್ ಪರ್ಮಿಷನ್ ಇಲ್ಲ ಅಂದಿದಾರೆ, ಪಕ್ಕದಲ್ಲೇ ಸ್ಪಿರಿಟ್ ಇಡ್ತೀವಲ್ಲ, ಅವರು ಹೇಳಿದ್ದೂ ಸರೀನೇ. ಮುಂದಿನ ಬ್ಯಾಚಿಗೆ ಸೆಂಟು.