ಕ್ಯಾಪ್ಟನ್ ಲಕ್ಷ್ಮಿ ಕೌದಿ: ಖಾಕಿ ಬಿಚ್ಚಿದ ವಾರ

ಈ ವಾರ ಹೊಲಿದದ್ದಕ್ಕಿಂತ ಬಿಚ್ಚಿದ್ದೇ ಜಾಸ್ತಿ. ಮೂರು ರಾತ್ರಿ ಕೂತು ಹಾಕಿದ್ದ ಖಾಕಿ ಸುತ್ತನ್ನು ಶುಕ್ರವಾರ ಪೂರ್ತಿ ತೆಗೆದೆ.

ಯಲ್ಲಾಪುರದ ಕಡೆ ಆಫ್ರಿಕಾ ಮೂಲದ ಸಿದ್ದಿ ಸಮುದಾಯದ ಹೆಂಗಸರು ಕೌದಿಯನ್ನು ಅಂಚಿನಿಂದ ಹೊಲಿಯುತ್ತಾರೆ. ಹಳೇ ಬಟ್ಟೆಯ ತುಂಡು ಸೇರಿಸುತ್ತಾ, ಸುತ್ತಿ ಸುತ್ತಿ ನಡುವಿಗೆ ಬಂದು ಮುಗಿಸುತ್ತಾರೆ. ನಾನು ಕಲಿತದ್ದೂ ಅದೇ ಕ್ರಮ. ಆಜಾದ್ ಹಿಂದ್ ಫೌಜಿನ ಹೆಂಗಸರ ದಳ ನಡೆಸಿದ ಡಾಕ್ಟರು ಕ್ಯಾಪ್ಟನ್ ಲಕ್ಷ್ಮಿ, ಅಂದರೆ ಲಕ್ಷ್ಮಿ ಸೆಹಗಲ್ ಅವರ ಬದುಕೂ ಈ ಕೌದಿಯಲ್ಲಿ ಹಾಗೇ ಹೊರಗಿನಿಂದ ಒಳಗೆ ಬರಲಿ ಅಂತ ಆಸೆ.

ಹೊರಗಿನ ಸುತ್ತು ಮದ್ರಾಸಿನ ಚೌಕಳಿ. ಅವರು 1914ರಲ್ಲಿ ಹುಟ್ಟಿದ್ದು, 1938ರಲ್ಲಿ ಎಂಬಿಬಿಎಸ್ ಮುಗಿಸಿದ್ದು ಅಲ್ಲೇ. ಅದರೊಳಗೆ ಸಿಂಗಾಪುರಕ್ಕೆ ಹೂವಿನ ಬಟ್ಟೆ. 1940ರಲ್ಲಿ ಹೋಗಿ ಅಲ್ಲಿನ ಬಡ ಕೂಲಿಯವರಿಗೆ ಕ್ಲಿನಿಕ್ ತೆರೆದರು. ಆಮೇಲೆ ಖಾಕಿ. 1943ರ ಜುಲೈನಲ್ಲಿ ಸುಭಾಷ್ ಬೋಸ್ ಹೆಂಗಸರ ದಳದ ಮಾತೆತ್ತಿದರು, ಅಕ್ಟೋಬರ್ 22ಕ್ಕೆ ಲಕ್ಷ್ಮಿಯವರ ಮುಂದಾಳತ್ವದ ಆ ದಳದ, ಅಂದರೆ ಝಾನ್ಸಿ ರಾಣಿ ರೆಜಿಮೆಂಟಿನ ತರಬೇತಿ ಶಿಬಿರ ಶುರುವಾಯಿತು. ಸೇರಿದವರಲ್ಲಿ ಮಲಯದ ರಬ್ಬರ್ ತೋಟಗಳ ತಮಿಳು ಹುಡುಗಿಯರು ಎಷ್ಟೋ ಜನ. ಭಾರತವನ್ನು ಕಣ್ಣಲ್ಲೇ ಕಾಣದವರು ಅದರ ಸ್ವಾತಂತ್ರ್ಯಕ್ಕೆ ಬಂದೂಕು ಹಿಡಿದರು ಅಂತ ನೆನೆದಾಗೆಲ್ಲ ನನ್ನ ಸೂಜಿ ನಿಂತುಬಿಡುತ್ತದೆ.

ಆ ಉತ್ಸಾಹದಲ್ಲೇ ಖಾಕಿಯನ್ನು ಗೇಣಗಲ ಇಟ್ಟೆ. ಮಾವನ ಹಳೇ ಪ್ಯಾಂಟಿನ ಬಟ್ಟೆ ಅದು. ಜೇಬಿನ ಹತ್ತಿರ ನಾಲ್ಕು ಪದರ ಬಂದು ಎರಡು ಸೂಜಿ ಮುರಿದವು. ಹಾಸಿ ನೋಡಿದರೆ ನಡುವೆ ಒಂದು ದಿಂಬಿನಷ್ಟು ಜಾಗ. 1945ರ ಮೇ ತಿಂಗಳಲ್ಲಿ ಅವರು ಬರ್ಮಾದಲ್ಲಿ ಬ್ರಿಟಿಷರಿಗೆ ಸೆರೆಸಿಕ್ಕರು, ಅಂದರೆ ದಳ ನಡೆಸಿದ್ದು ಎರಡು ವರ್ಷವೂ ಇಲ್ಲ. 1947ರಲ್ಲಿ ಮದುವೆಯಾಗಿ ಕಾನ್ಪುರಕ್ಕೆ ಬಂದ ಮೇಲೆ ದೇಶ ಒಡೆದು ಓಡಿ ಬಂದವರಿಗೆ ಚಿಕಿತ್ಸೆ, 1971ರಲ್ಲಿ ಬಾಂಗ್ಲಾ ನಿರಾಶ್ರಿತರ ಶಿಬಿರ, 1984ರಲ್ಲಿ ಭೋಪಾಲ್ ಅನಿಲ ದುರಂತ, ತೊಂಬತ್ತು ದಾಟಿದರೂ ದಿನಾ ಕ್ಲಿನಿಕ್. ಇಷ್ಟಕ್ಕೆಲ್ಲ ದಿಂಬಿನಷ್ಟು ಜಾಗ ಸಾಕಾಗುತ್ತದಾ? ನಾವು ಅವರನ್ನು ಬರೀ ಸಮವಸ್ತ್ರದಲ್ಲೇ ನೋಡುತ್ತೇವೆ, ನಾನೂ ಅದನ್ನೇ ಮಾಡಿದ್ದೆ.

ಹಾಗಾಗಿ ಬಿಚ್ಚಿದೆ. ಖಾಕಿ ಈಗ ನಾಲ್ಕೇ ಬೆರಳು, ಒಳಗೆಲ್ಲ ಬಿಳಿ. ಅತ್ತೆ ಬಂದು ನೋಡಿ, "ಇಷ್ಟು ಬಿಳೀದು ಎಂತಕ್ಕೆ ತಂಗಿ? ಕೊಳೆ ಬೇಗ ಕಾಣ್ತು" ಅಂದರು. ಲಕ್ಷ್ಮಿ ಹೆರಿಗೆ ಡಾಕ್ಟರು, ಹೆಚ್ಚು ಕಡಿಮೆ ಅರವತ್ತು ವರ್ಷ ಬಡವರನ್ನು ನೋಡಿದರು, 2012ರಲ್ಲಿ ತೀರಿಕೊಂಡಾಗ ದೇಹವನ್ನೂ ಮೆಡಿಕಲ್ ಕಾಲೇಜಿಗೇ ಕೊಟ್ಟರು ಅಂದೆ. ಅತ್ತೆ ಏನೂ ಹೇಳಲಿಲ್ಲ. ಒಳಗೆ ಹೋಗಿ ಟ್ರಂಕಿನಿಂದ ಒಂದು ಹಳೇ ಪಂಚೆ ತಂದರು. ತೊಳೆದೂ ತೊಳೆದೂ ಬೆಣ್ಣೆಯಂತಾಗಿದೆ. ಅವರ ಮೂರೂ ಮಕ್ಕಳನ್ನು ಹುಟ್ಟಿದ ಕೂಡಲೇ ಸುತ್ತಿದ್ದು ಅದರಲ್ಲಂತೆ.

ನಡುವಿಗೆ ಅದೇ. ಶಿರಸಿಯ ಈ ಮಳೆಗೆ ಇನ್ನೂ ಒಣಗಿಲ್ಲ, ಬಚ್ಚಲೊಲೆಯ ಮೇಲೆ ಹರವಿದ್ದೇನೆ. ಬಿಚ್ಚಿದ ಖಾಕಿ ನಾಲ್ಕು ಮೂಲೆಗೆ ಹೊಲಿಯುವ ಬಟ್ಟೆ ಹೂಗಳಿಗೆ ಸರಿಯಾಗುತ್ತದೆ.