ಹನ್ನೊಂದು ಗಾಡಿ ಅಂದುಕೊಂಡಿದ್ದೆ, ಏಳೇ ನಿಂತವು

ಹೆದ್ದಾರಿಯ ಕೆಳಗೆ ಪಾರ್ಕಿಂಗ್ ಮಾಡಿಕೊಡಬೇಕು ಅಂದಾಗ ಇದೇನು ಮಹಾ ಕೆಲಸ ಅನ್ನಿಸಿತ್ತು. ಸೂರು ಆಗಲೇ ಇದೆ, ಕಂಬ ಆಗಲೇ ಇದೆ. ನೆಲಕ್ಕೆ ಪೇವರ್ ಬ್ಲಾಕ್ ಹಾಕಿ, ಬಿಳಿ ಗೆರೆ ಎಳೆದು, ನಾಲ್ಕು ಲೈಟ್ ಹಾಕಿದರೆ ಬಿಲ್ ಬರೆಯಬಹುದು. ಎರಡು ತಿಂಗಳಲ್ಲಿ ಮುಗಿಸ್ತೀನಿ ಅಂತ ನಮ್ಮ ಸಾಹುಕಾರರಿಗೆ ಮಾತು ಕೊಟ್ಟೆ. ಮುಗಿದಿದ್ದು ಏಳನೇ ತಿಂಗಳಲ್ಲಿ.

ಜಾಗ ಬೆಂಗಳೂರಿನ ಹೊರಭಾಗದ್ದು. ಮೇಲೆ ಎತ್ತರಿಸಿದ ಹೆದ್ದಾರಿ, ಎರಡೂ ಕಡೆ ಸರ್ವಿಸ್ ರಸ್ತೆ, ಮಧ್ಯದಲ್ಲಿ ಪಿಲ್ಲರ್ ಸಾಲು, ಆಚೆ ಬದಿಗೆ ಪೊಲೀಸ್ ಠಾಣೆ. ನೆಲ ಹೆದ್ದಾರಿಯವರದು, ದುಡ್ಡು ನಗರದ್ದು, ಗಾಡಿ ಪೊಲೀಸರದು. ನಾನು ಗುತ್ತಿಗೆದಾರರ ಕಡೆಯ ಸೈಟ್ ಎಂಜಿನಿಯರ್. ಮೂರೂ ಕಡೆಯವರು ಬೈಯುವುದಕ್ಕೆ ಒಬ್ಬ ಬೇಕಲ್ವಾ, ಅದು ನಾನು.

ಲೆಕ್ಕ ಹೀಗಿತ್ತು. ಪಿಲ್ಲರ್‌ನಿಂದ ಪಿಲ್ಲರ್‌ಗೆ 30 ಮೀಟರ್. ಪಿಲ್ಲರ್ ದಪ್ಪ 2.2 ಮೀಟರ್. ಉಳಿದದ್ದು 27.8. ಕಾರಿಗೆ 2.5 ಮೀಟರ್ ಅಗಲ, 5 ಮೀಟರ್ ಉದ್ದ ಕೊಡುವುದು ವಾಡಿಕೆ. ಅಂದರೆ ಎರಡು ಪಿಲ್ಲರ್ ನಡುವಿನ ಒಂದು ಅಂಕಣಕ್ಕೆ 11 ಗಾಡಿ. ಅಂಕಣ 14. ಕೊನೆಯ ಮೂರು ಅಂಕಣ ಮೀಸಲು ಪೊಲೀಸರ (ಕೆಎಸ್‌ಆರ್‌ಪಿ) ಬಸ್ಸು ಮತ್ತು ಕ್ರೇನ್‌ಗೆ, ಉಳಿದದ್ದು ಕಾರಿಗೆ. ಡ್ರಾಯಿಂಗ್ ನೋಡಿದರೆ ಕಣ್ಣಿಗೆ ಹಬ್ಬ. ಎಲ್ಲರೂ ಸಹಿ ಹಾಕಿದರು.

ಸುಣ್ಣದ ಪುಡಿಯಲ್ಲಿ ಗೆರೆ ಹಾಕಿಸುತ್ತಿದ್ದ ದಿನ ಠಾಣೆಯ ದಫೇದಾರ್ರು ಬಂದರು. ಐವತ್ತು ದಾಟಿದವರು, ರಿಟೈರ್ ಆಗೋಕೆ ಸ್ವಲ್ಪವೇ ಬಾಕಿ. ಕೈ ಹಿಂದೆ ಕಟ್ಟಿಕೊಂಡು ಗೆರೆಗಳ ಉದ್ದಕ್ಕೂ ನಡೆದರು. ಆಮೇಲೆ ಕೇಳಿದರು.

"ಸಾರ್, ಇಲ್ಲಿ ನಿಲ್ಸೋದು ಹೇಗೋ ಆಗ್ತದೆ. ರಾತ್ರಿ ಕಾಲ್ ಬಂದಾಗ ಹೊರಡೋದು ಹೇಗೆ ಅಂತ ತೋರಿಸಿ."

"ರಿವರ್ಸ್ ತಗೊಂಡು ಹೋಗೋದಪ್ಪ," ಅಂದೆ ಸುಮ್ನೆ.

ಅವರು ವಾದ ಮಾಡಲಿಲ್ಲ. ಹೋಗಿ ಒಂದು ಹೊಯ್ಸಳ ಗಸ್ತು ಗಾಡಿಯನ್ನೇ ತರಿಸಿದರು. ಡ್ರೈವರ್ ಹುಡುಗ ಪಿಲ್ಲರ್ ಪಕ್ಕದ ಗೆರೆಯೊಳಗೆ ಮೂತಿ ತೂರಿಸಿ ನಿಲ್ಲಿಸಿದ. "ಈಗ 112ರಿಂದ ಕರೆ ಬಂತು ಅಂದ್ಕೊಳ್ಳಿ. ಹೊರಡು ಮಗಾ," ಅಂದರು ದಫೇದಾರ್ರು. ಹುಡುಗ ಹಿಂದೆ ಬಂದ, ಪಿಲ್ಲರ್ ಅಡ್ಡ ಬಂತು. ಮುಂದೆ ಹೋದ. ಮತ್ತೆ ಹಿಂದೆ. ಸ್ಟೇರಿಂಗ್ ತಿರುಗಿಸಿ ಮತ್ತೆ ಮುಂದೆ. ನಾಲ್ಕನೇ ಸಲಕ್ಕೆ ಹೊರಗೆ ಬಂತು. ಅಷ್ಟರಲ್ಲಿ ದಫೇದಾರ್ರು ಜೇಬಿನಿಂದ ಎಲೆ ಅಡಿಕೆ ತೆಗೆದು, ಸುಣ್ಣ ಹಚ್ಚಿ, ಮಡಿಸಿ ಬಾಯಿಗೆ ಹಾಕಿಕೊಂಡಾಗಿತ್ತು. ಬಾಯಿ ಬಿಟ್ಟು ಏನೂ ಹೇಳಲಿಲ್ಲ. ಹೇಳಬೇಕಾಗಿಯೂ ಇರಲಿಲ್ಲ.

ತಪ್ಪು ಎಲ್ಲಿತ್ತು ಅಂದರೆ, ಎರಡು ಪಿಲ್ಲರ್ ನಡುವಿನ ಭಾಗದಲ್ಲಿ, ನಿಂತ ಗಾಡಿಯ ಹಿಂದೆ ಹೊರಳುವುದಕ್ಕೆ 7 ಮೀಟರ್ ಸಿಗುತ್ತಿತ್ತು. ಪಿಲ್ಲರ್ ಇರುವ ಕಡೆ ಅದು ಅಡ್ಡ ಬಂದು 4.9. ಪಿಲ್ಲರ್‌ಗೆ ಗುದ್ದದ ಹಾಗೆ ಸುತ್ತ ಕಾಂಕ್ರೀಟ್ ಕಟ್ಟೆ ಕಟ್ಟಬೇಕು. ಅದನ್ನು ಕಳೆದರೆ ಉಳಿಯೋದು 4.5. ನೇರ ನಿಲ್ಲಿಸಿದ ಕಾರು ಆರಾಮಾಗಿ ಹೊರಳಬೇಕಾದರೆ 6 ಮೀಟರ್ ಆದರೂ ಬೇಕು. ನಾನು 7 ನೋಡಿ ಖುಷಿಯಾಗಿದ್ದೆ. ಮಾಲ್‌ನಲ್ಲಾದರೆ ನಾಲ್ಕು ಸಲ ಹಿಂದೆ ಮುಂದೆ ಮಾಡಿದರೂ ನಡೆಯುತ್ತೆ, ಹೆಂಡತಿ ಬೈತಾಳೆ ಅಷ್ಟೆ. ಇಲ್ಲಿ ಯಾರೋ ಫೋನ್ ಹಿಡಿದುಕೊಂಡು ಕಾಯ್ತಿರ್ತಾರೆ.

ಪ್ರತಿ ಪಿಲ್ಲರ್‌ನ ಆಚೀಚೆ ಎರಡೆರಡು ಗೆರೆ ಅಳಿಸಿದೆ. 11 ಇದ್ದದ್ದು 7 ಆಯಿತು. ಎಲ್ಲ ಗಾಡಿಯೂ ಹಿಂದಕ್ಕೆ ಬಂದು, ಮೂತಿ ದಾರಿ ಕಡೆಗೇ ಇಟ್ಟು ನಿಲ್ಲಬೇಕು ಅಂತ ನೆಲದ ಮೇಲೆ ಬಾಣ ಬರೆಸಿದೆ. ಆಫೀಸಿನಲ್ಲಿ ಕೂತವರು ಕುಣಿದಾಡಿದರು. ನೂರಕ್ಕಿಂತ ಜಾಸ್ತಿ ಗಾಡಿ ಅಂತ ಮೇಲಕ್ಕೆ ಬರೆದು ಕಳಿಸಿಬಿಟ್ಟಿದ್ದೀವಿ, ಈಗ ಏನ್ರೀ ಇದು ಅಂತ. ಪತ್ರ ಬರೆದೆ, ಮೂರು ವಾರ ಓಡಾಡಿದೆ. ಆ ಕಥೆ ಬೇಡ.

ಬಸ್ಸಿನದು ಇನ್ನೂ ನಾಚಿಕೆಗೇಡು. ಆ ಮೂರು ಅಂಕಣ ಠಾಣೆಯ ಗೇಟಿಗೆ ಹತ್ತಿರ ಅಂತ ಬಸ್ಸಿಗೆ ಕೊಟ್ಟಿದ್ದೆ. ಹೆದ್ದಾರಿ ಅಲ್ಲಿ ಇಳಿಯುತ್ತದೆ. ನಗರದಲ್ಲಿ ಫ್ಲೈಓವರ್ ಕೆಳಗೆ ರಸ್ತೆ ಹಾಯುವ ಕಡೆ 5.5 ಮೀಟರ್ ಎತ್ತರ ಬಿಡುತ್ತಾರೆ. ಇಳಿಜಾರಿನ ತುದಿಯಲ್ಲಿ ಅದನ್ನು ಯಾರೂ ಬಿಡುವುದಿಲ್ಲ, ಬಿಡೋಕೂ ಆಗಲ್ಲ. ಕೊನೆಯ ಅಂಕಣದಲ್ಲಿ ಟೇಪ್ ಹಿಡಿದರೆ ಎರಡೂವರೆ ಮೀಟರ್. ನನ್ನ ಡ್ರಾಯಿಂಗ್ ಮೇಲಿನಿಂದ ನೋಡಿದ್ದು, ಅದರಲ್ಲಿ ಎತ್ತರ ಎಲ್ಲಿ ಕಾಣಬೇಕು? "ಕೆಎಸ್‌ಆರ್‌ಪಿ ಬಸ್ಸು ಒಳಗೆ ಹೋಗ್ತದೆ ಸಾರ್, ತಲೆ ಹೊರಗೇ ಇರ್ತದೆ," ಅಂದ ಡ್ರೈವರ್ ಹುಡುಗ. ಆ ಜಾಗ ಚೀತಾ ಗಸ್ತು ಬೈಕ್‌ಗಳಿಗೆ ಹೋಯಿತು. ಬಸ್ಸು ಮೊದಲ ಅಂಕಣಗಳಿಗೆ ಬಂತು.

ಲೈಟಿನ ವಿಷಯಕ್ಕೆ ಹೆದ್ದಾರಿಯವರ ಜೊತೆ ಜಟಾಪಟಿ. ನಮ್ಮ ಎಲೆಕ್ಟ್ರಿಷಿಯನ್ ಡ್ರಿಲ್ ಮಷಿನ್ ಹಿಡಿದು ಏಣಿ ಹತ್ತಿದ್ದಷ್ಟೇ, ಅವರ ಎಂಜಿನಿಯರ್ ಕೂಗುತ್ತಾ ಓಡಿ ಬಂದರು. ಒಂದೇ ಒಂದು ತೂತು ಕೂಡ ಕೊರೆಯುವಂತಿಲ್ಲ. ಮೊದಲು ನನಗೆ ಅತಿಯಾಯಿತು ಅನ್ನಿಸಿತು. ಅವರು ಪೀಣ್ಯದ ಹೆಸರು ಹೇಳಿದ ಮೇಲೆ ಸುಮ್ಮನಾದೆ. 2021ರ ಡಿಸೆಂಬರ್‌ನಲ್ಲಿ ಪೀಣ್ಯ ಮೇಲ್ಸೇತುವೆಯ ಒಳಗಿನ ಕೇಬಲ್‌ಗಳಲ್ಲಿ ದೋಷ ಕಂಡು ರಸ್ತೆಯನ್ನೇ ಮುಚ್ಚಿದ್ದರು. ಭಾರಿ ವಾಹನಗಳು ಮತ್ತೆ ಅದರ ಮೇಲೆ ಓಡಿದ್ದು 2024ರ ಜುಲೈ ಕೊನೆಗೆ. ಇಂಥ ಸೇತುವೆ ನಿಂತಿರೋದೇ ಕಾಂಕ್ರೀಟಿನೊಳಗೆ ಬಿಗಿದು ಎಳೆದ ಆ ಉಕ್ಕಿನ ಹುರಿಗಳ ಬಲದ ಮೇಲೆ. ನಾವು ಎಲ್ಲೋ ಕೊರೆದು, ನೀರು ಒಳಗೆ ಇಳಿದು ಹುರಿಗೆ ತುಕ್ಕು ಹಿಡಿದರೆ? ಪಿಲ್ಲರ್ ಸುತ್ತ ಉಕ್ಕಿನ ಪಟ್ಟಿ ಬಿಗಿದು, ಪಟ್ಟಿಗೆ ಲೈಟ್ ಕಟ್ಟಿದೆವು. ಪಿಲ್ಲರ್ ಬುಡದಲ್ಲೂ ಗುಂಡಿ ತೋಡುವ ಹಾಗಿಲ್ಲ, ಅಡಿಪಾಯದ ದಿಮ್ಮಿ ಅಲ್ಲೇ ಕೆಳಗಿರುತ್ತದೆ. ಪಿಲ್ಲರ್ ತಲೆಯ ಮೇಲೆ ಸೇತುವೆಯ ಭಾರ ಹೊರುವ ಬೇರಿಂಗ್ ಬದಲಿಸೋಕೆ ಮುಂದೆ ಯಾವತ್ತಾದರೂ ಜಾಕಿ ತರಬೇಕಾಗುತ್ತದೆ ಅಂತ ಪ್ರತಿ ಪಿಲ್ಲರ್ ಸುತ್ತ ಜಾಗ ಖಾಲಿ ಬಿಡಿಸಿದರು. ಹೇಗೂ ಆ ಗೆರೆಗಳನ್ನು ನಾನೇ ಅಳಿಸಿದ್ದೆನಲ್ಲ.

ಮಳೆಗಾಲ ಶುರುವಾಯಿತು. ಹೆದ್ದಾರಿಯ ಕೆಳಗೆ ಮಳೆ ಬೀಳಲ್ಲ ಅನ್ನೋದು ನನ್ನ ನಂಬಿಕೆ. ಬೀಳುತ್ತದೆ, ಸ್ವಲ್ಪ ತಡವಾಗಿ. ಮೇಲಿನ ರಸ್ತೆಯಲ್ಲಿ ಒಂದು ತುಂಡಿಗೂ ಇನ್ನೊಂದಕ್ಕೂ ನಡುವೆ ಬಿಸಿಲಿಗೆ ಹಿಗ್ಗಲಿ ಅಂತ ಸಂದು ಬಿಟ್ಟಿರುತ್ತಾರೆ. ಅದರ ರಬ್ಬರು ಹಳತಾದರೆ ಸಂದು ಸೋರುತ್ತದೆ. ಹೊರಗೆ ಮಳೆ ನಿಂತು ಅರ್ಧ ಗಂಟೆ ಆದರೂ ಪಿಲ್ಲರ್ ಹತ್ತಿರ ಟಪ್ ಟಪ್ ನಡೆದೇ ಇರುತ್ತದೆ. ಸಂದಿನ ಆಚೀಚೆ ಸಣ್ಣ ಬಿರುಕುಗಳಿಂದಲೂ ನೀರು ಜಿನುಗುತ್ತದೆ, ಜಿನುಗುವಾಗ ಕಾಂಕ್ರೀಟಿನ ಸುಣ್ಣವನ್ನು ಕರಗಿಸಿಕೊಂಡು ಬರುತ್ತದೆ.

ಒಂದು ಬೆಳಿಗ್ಗೆ ಹೋದರೆ ಡ್ರೈವರ್ ಹುಡುಗ ಹೊಯ್ಸಳದ ಮುಂದಿನ ಗಾಜನ್ನು ಅರ್ಧ ನಿಂಬೆಹಣ್ಣಿನಿಂದ ಉಜ್ಜುತ್ತಿದ್ದ. ಗಾಜಿನ ತುಂಬ ಬಿಳಿ ಚುಕ್ಕೆ, ಮುಗ್ಗಲು ಹಿಡಿದ ಹಾಗೆ. ಬಾನೆಟ್ ಮೇಲೆ ಹನಿ ಬಿದ್ದು ಜಾರಿದ ದಾರಿ ಕೂಡ ಬಿಳಿ. ಉಗುರಿನಿಂದ ಕೆರೆದು ನೋಡಿದೆ, ಬರಲಿಲ್ಲ. ಸೋಪಿಗೂ ಬರಲ್ಲ. ನಿಂಬೆ ರಸ ಬಿದ್ದ ಕಡೆ ಸಣ್ಣಗೆ ನೊರೆ ಎದ್ದು, ಒರೆಸಿದರೆ ಹೋಗುತ್ತಿತ್ತು.

"ದಿನಾ ಎರಡು ಹಣ್ಣು ಸಾರ್. ನಮ್ಮ ದುಡ್ಡು."

"ಪಿಲ್ಲರ್‌ನಿಂದ ದೂರ ನಿಲ್ಸೋದಲ್ವಾ?"

"ದೂರ ಎಲ್ಲಿ ಸಾರ್ ಜಾಗ?"

ಅವನು ತೋರಿಸಿದ ಕಡೆ ನೋಡಿದೆ. ಮಧ್ಯದ ಅಂಕಣಗಳೆಲ್ಲ ಭರ್ತಿ. ಆದರೆ ಠಾಣೆಯ ಗಾಡಿಗಳಿಂದಲ್ಲ. ಅಪಘಾತವಾಗಿ ಮುದುಡಿದ ಕಾರು, ಟಯರ್ ಚಪ್ಪಟೆಯಾದ ಟೆಂಪೊ, ಒಂದರ ಮೇಲೊಂದು ಒರಗಿಸಿದ ಬೈಕು. ಒಂದೊಂದರ ಮೇಲೂ ಕ್ರೈಂ ನಂಬರ್ ಬಣ್ಣದಲ್ಲಿ ಬರೆದಿದ್ದರು. ಎಲ್ಲವೂ ಜಪ್ತಿ ಮಾಲು. ಗೇಟು ತೆರೆದ ಹತ್ತೇ ದಿನಕ್ಕೆ ಠಾಣೆಯ ಹಿತ್ತಲು ಖಾಲಿಯಾಗಿ ನನ್ನ ಪಾರ್ಕಿಂಗ್ ತುಂಬಿತ್ತು. ಓಡುವ ಗಾಡಿಗಳು ಸೋರುವ ಸಂದಿನ ಕೆಳಗೆ, ಇನ್ನೂ ಕೆಲವು ಮೊದಲಿನ ಹಾಗೆ ಸರ್ವಿಸ್ ರಸ್ತೆಯಲ್ಲೇ.

ಪೊಲೀಸರನ್ನು ಬೈಯೋಕೆ ನನಗೆ ಮನಸ್ಸು ಬರಲಿಲ್ಲ. ಜಪ್ತಿ ಗಾಡಿ ಠಾಣೆಯಲ್ಲಿ ವರ್ಷಗಟ್ಟಲೆ ಕೊಳೆಯಬಾರದು, ಬೇಗ ಬಿಡಿಸಿ ಅಂತ ಸುಪ್ರೀಂ ಕೋರ್ಟೇ 2002ರಲ್ಲಿ ಸುಂದರ್‌ಭಾಯಿ ಅಂಬಾಲಾಲ್ ದೇಸಾಯಿ ಪ್ರಕರಣದಲ್ಲಿ ಹೇಳಿತ್ತು. ಆದರೂ ಪ್ರತಿ ಗಾಡಿಗೂ ಕೋರ್ಟಿನ ಆದೇಶ ಬೇಕು, ಮಾಲೀಕ ಬರಬೇಕು. ಬಾರದವರೇ ಜಾಸ್ತಿ. ನನ್ನ ಕೋಪ ಇದ್ದದ್ದು ನನ್ನ ಮೇಲೇ. ಎಷ್ಟು ಗಾಡಿ ಇದೆ ಅಂತ ಕೇಳಿದ್ದೆ. ಅದರಲ್ಲಿ ಓಡೋದು ಎಷ್ಟು ಅಂತ ಕೇಳಿರಲಿಲ್ಲ.

ಜಪ್ತಿ ಗಾಡಿಗಳನ್ನು ಖಾಲಿ ಮಾಡಿಸಿದ್ದು ಕೊನೆಗೆ ಅದೇ ಹೆದ್ದಾರಿ ಎಂಜಿನಿಯರ್. ಅವರು ಎರಡು ಫೋಟೊ ಪ್ರಿಂಟ್ ಹಾಕಿಸಿ ತಂದಿದ್ದರು. ಒಂದು ಅಮೆರಿಕದ ಅಟ್ಲಾಂಟಾದ್ದು. ಐ-85 ಹೆದ್ದಾರಿಯ ಕೆಳಗೆ ಪೇರಿಸಿಟ್ಟಿದ್ದ ಪ್ಲಾಸ್ಟಿಕ್ ಪೈಪುಗಳಿಗೆ 2017ರ ಮಾರ್ಚ್ 30ರಂದು ಬೆಂಕಿ ಬಿದ್ದು ಸೇತುವೆಯ ಒಂದು ತುಂಡೇ ಕುಸಿದಿತ್ತು. ಇನ್ನೊಂದು ಲಾಸ್ ಏಂಜಲೀಸ್‌ನದು, 2023ರ ನವೆಂಬರ್ 11. ಐ-10 ಹೆದ್ದಾರಿಯ ಕೆಳಗೆ ಬಾಡಿಗೆಗೆ ಕೊಟ್ಟಿದ್ದ ಜಾಗ, ಅಲ್ಲಿ ಸರಕು ಇಡುವ ಮರದ ಪ್ಯಾಲೆಟ್‌ಗಳ ರಾಶಿಗೆ ಬೆಂಕಿ. ಸುಮಾರು 100 ಕಂಬಗಳಿಗೆ ಪೆಟ್ಟಾಗಿ ಎಂಟು ದಿನ ರಸ್ತೆ ಬಂದ್. "ಓಡೋ ಗಾಡಿಗೆ ಡ್ರೈವರ್ ಇರ್ತಾನೆ, ಹೊಗೆ ಬಂದ್ರೆ ಆಚೆ ತಗೀತಾನೆ. ಇವನ್ನ ಯಾರು ತಗೀತಾರೆ? ಟ್ಯಾಂಕಲ್ಲಿ ಪೆಟ್ರೋಲ್ ಬೇರೆ," ಅಂದರು ಇನ್‌ಸ್ಪೆಕ್ಟರ್ ಮುಂದೆ. ಇನ್‌ಸ್ಪೆಕ್ಟರ್ ಫೋಟೊ ನೋಡಿದರು, ತಲೆ ಎತ್ತಿ ಮೇಲಿನ ಕಾಂಕ್ರೀಟ್ ನೋಡಿದರು. ಎರಡು ವಾರದಲ್ಲಿ ಜಪ್ತಿ ಗಾಡಿಗಳು ಬಯಲು ಜಾಗಕ್ಕೆ ಹೋದವು.

ಸೋರುವ ಸಂದುಗಳ ಕೆಳಗೆ ತಗಡಿನ ದೋಣಿ ಮಾಡಿಸಿದೆ, ಹಳ್ಳಿ ಮನೆ ಹೆಂಚಿನ ಅಂಚಿಗೆ ಕಟ್ಟುತ್ತೇವಲ್ಲ ಹಾಗೆ. ಸೇತುವೆಗೆ ತಾಗಿಸದೆ, ಅದರದ್ದೇ ಉಕ್ಕಿನ ಕಾಲುಗಳ ಮೇಲೆ. ನೀರು ಪೈಪಿನಲ್ಲಿ ಇಳಿದು ಚರಂಡಿ ಸೇರುತ್ತದೆ. ಎಸ್ಟಿಮೇಟ್‌ನಲ್ಲಿ ಇರಲಿಲ್ಲ, ನಮ್ಮ ಸಾಹುಕಾರರ ಮುಖ ನೋಡೋ ಹಾಗಿರಲಿಲ್ಲ.

ಆಯುಧ ಪೂಜೆಗೆ ದಫೇದಾರ್ರು ಫೋನ್ ಮಾಡಿ ಕರೆದರು. ಹೋದೆ. ಗಾಡಿಗಳೆಲ್ಲ ಮೂತಿ ಹೊರಗೆ ಮಾಡಿ ನಿಂತಿದ್ದವು, ಒಂದೊಂದಕ್ಕೂ ಬಾಳೆಕಂದು, ಸೇವಂತಿಗೆ ಹಾರ. ಡ್ರೈವರ್ ಹುಡುಗ ಕೈಯಲ್ಲಿ ನಿಂಬೆಹಣ್ಣಿನ ಚೀಲ ಹಿಡಿದು ಚಕ್ರಗಳ ಕೆಳಗೆ ಒಂದೊಂದೇ ಇಟ್ಟುಕೊಂಡು ಬರುತ್ತಿದ್ದ.

"ಈಗಲೂ ನಿಂಬೆಹಣ್ಣೇನೋ?" ಅಂದೆ.

"ಇದು ಸ್ಟೇಷನ್ ದುಡ್ಡು ಸಾರ್," ಅಂದ.